ಸಾಲೋಟಗಿಯ ದೀಪದ ಹೊಲ

ಇಂಡಿ ತಾಲೂಕಿನ ಸಾಲೋಟಗಿಯು ನಮ್ಮ ಜಿಲ್ಲೆಯವರಿಗೆ ಅಪರಿಚಿತವಾದ ಊರಲ್ಲ. ಆದರೆ ಆ ಊರು ತನ್ನ ಹೆಸರಿನಲ್ಲಿಯೇ ಒಂದು ವಿದ್ಯಾಲಯವನ್ನು ಸಾವಿರ ವರ್ಷಗಳಿಂದ ಹೊತ್ತು ನಿಂತಿದೆಯೆಂಬ ಸಂಗತಿಯು ಆ ದಾರಿಯಿಂದ ಹೋಗಿಬರುವವರಲ್ಲಿ ಎಷ್ಟು ಜನರಿಗೆ ತಿಳಿದಿದ್ದೀತು? ಊರಿನ ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿ ಶಾಲೆಯೊಂದು ಕಟ್ಟಲ್ಪಟ್ಟಿತು. ಶಾಲಾ-ಪಾವಿಟ್ಟಗೆಯು ಜನರ ಬಾಯಿಯಲ್ಲಿ ಸವೆದು ಸಾಲೋಟಗಿಯಾಯಿತು. ಶಾಲೆಯು ಎಂದೋ ಹೋಯಿತು; ಶಬ್ದವು ಉಳಿಯಿತು.

ಈಚೆಗೆ ಮಿತ್ರರೊಬ್ಬರು, ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನದ ವಿಭಾಗವು ಉತ್ತಮವೆನಿಸಬೇಕಾದರೆ ಏನು ಬೇಕೆಂದು ನನ್ನನ್ನು ಕೇಳಿದರು. ಒಳ್ಳೆಯ ಮೇಷ್ಟರು, ಒಳ್ಳೆಯ ಉಪಕರಣಗಳು ಎಂದು ಉತ್ತರ ಕೊಡುವದು ಸುಲಭ. ಆದರೆ ಇವೆರಡೂ ಬಂದು ಹೋದ ಶಾಲೆಗಳನ್ನು ನಾವು ಕಂಡಿದ್ದೇವೆ. ಬಂದದ್ದು ನಿಲ್ಲುವದು ಹೇಗೆ? ಈ ವಿಚಾರದಲ್ಲಿ ಸಾಲೋಟಗಿಯ ಕಂಬವು ನಮಗೆ ಕೆಲವು ಮಾತು ಹೇಳಬಲ್ಲದೆಂದು ನನಗೆ ತೋರುವದು.

ಶಕ ವರ್ಷ 867, ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣ, ಅರ್ಥಾತ್ ಕ್ರಿ. ಶ. 945ನೆಯ ಸಪ್ಟಂಬರ 9. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಮಾನ್ಯಖೇಟದಿಂದ ಆಳುತ್ತಿದ್ದನು. ಅವನ ಮಂತ್ರಿಯೂ ಗಜಾಂಕುಶನೆಂಬ ಬಿರುದುಳ್ಳವನೂ ಆದ ನಾರಾಯಣನು ಪಾವಿಟ್ಟಗೆಯಲ್ಲಿ ತ್ರಯೀಪುರುಷರ ದೇವಾಲಯವನ್ನೂ ಅದಕ್ಕೆ ಸೇರಿದ ಶಾಲೆಯನ್ನೂ ಕಟ್ಟಿಸಿದ್ದನು. ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರು. ಮಂತ್ರಿಯು ಕಟ್ಟಿಸಿದನೆಂಬುದು ದೊಡ್ಡದಲ್ಲ. ಮಂತ್ರಿಗಳು ಕಟ್ಟಿಸುತ್ತಲೇ ಇರುತ್ತಾರೆ. ದೊಡ್ಡದು ಮುಂದಿನದು. ಗ್ರಹಣದ ದಿನ ಊರಿನ ಮುಖ್ಯನೂ ಮಹಾಜನರೂ ಕೂಡಿ ಶಾಲೆಯ ಸಲುವಾಗಿ 500 ನಿವರ್ತನ ಭೂಮಿಯನ್ನು ಬಿಟ್ಟರು. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಹೂದೋಟಕ್ಕೆ ನಾಲ್ಕು ನಿವರ್ತನ, ದೀಪಗಳಿಗೆ ಹನ್ನೆರಡು ನಿವರ್ತನ. ಕಲಿಸುವವನಿಗೂ ಭೂಮಿಯುಂಟು, ಮನೆಯುಂಟು. ಇಷ್ಟಕ್ಕೇ ಮುಗಿಯದೆ, ಊರಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲವಾದರೆ ಇನ್ನೂ ಕಡಿಮೆ, ಹೀಗೆ ಮನೆಮನೆಯ ಶುಭಕಾರ್ಯದಿಂದಲೂ ಶಾಲೆಗೆ ಸಲ್ಲಬೇಕೆಂದು ಕಟ್ಟಳೆಯಾಯಿತು.

ದೀಪದ ಹೊಲವೆಂಬ ಈ ಏರ್ಪಾಡನ್ನು ವಾಚಕರು ತುಸು ನಿಂತು ನೋಡಬೇಕು. ಕಟ್ಟಡವು ಒಮ್ಮೆ ಆಗುವದು. ಎಣ್ಣೆಯು ದಿನಾಲು ತೀರುವದು. ತೀರಿದ್ದನ್ನು ತುಂಬುವವರಾರೆಂಬುದನ್ನು ಪಾವಿಟ್ಟಗೆಯವರು ಶಾಲೆ ತುಂಬುವ ಮೊದಲೇ ಗೊತ್ತುಮಾಡಿದರು. ಮುಂದೆ ಕಾಲಾಂತರದಲ್ಲಿ ಕಟ್ಟಡವು ಕುಸಿದಾಗ ಸ್ಥಳೀಯ ನಾಯಕನೊಬ್ಬನು ಅದನ್ನು ಮತ್ತೆ ಎತ್ತಿಸಿದನು. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮುಚ್ಚಿಡುವದು ಸರಿಯಲ್ಲ. ಅಲ್ಲಿ ಓದಿದವರು ವಿಪ್ರರ ಮಕ್ಕಳು. ಇಂದಿನ ಶಾಲೆಗೆ ಒಕ್ಕಲಿಗನ ಮಗಳೂ ಕೂಲಿಯವನ ಮಗನೂ ಬರುವರು. ಆದಕಾರಣ ದೀಪದ ಚಿಂತೆಯು ಇಂದು ಹೆಚ್ಚಾಗಬೇಕೇ ಹೊರತು ಕಡಿಮೆಯಾಗಲಾಗದು.

ಪಾವಿಟ್ಟಗೆಯದು ಒಂಟಿ ಉದಾಹರಣೆಯಲ್ಲ. ಈಗಿನ ಕಲಬುರ್ಗಿ ಜಿಲ್ಲೆಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಅದರ 1058ನೆಯ ಇಸವಿಯ ಶಾಸನವು ಪಂಡಿತರೊಡನೆ ಆರು ಜನ ಸರಸ್ವತೀ ಭಂಡಾರಿಗರನ್ನೂ, ಎಂದರೆ ಪುಸ್ತಕ ಕಾಯುವವರನ್ನೂ, ಹೇಳಿ ಅವರ ಜೀವನಕ್ಕೆ ಭೂಮಿಯನ್ನು ಕೊಡುವದು. ಇನ್ನು ಭಾಸ್ಕರಾಚಾರ್ಯನ ಮಾತು. 1114ರಲ್ಲಿ ಹುಟ್ಟಿದ ಈ ಗಣಿತಜ್ಞನು ತನ್ನ ಊರನ್ನು ವಿಜ್ಜಡವಿಡವೆಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಾಪುರವೇ ಎಂದು ನಮ್ಮಲ್ಲಿ ಹಲವರು ಎದೆ ತಟ್ಟಿ ಹೇಳುವರು. ಸಹ್ಯಾದ್ರಿಯ ಬದಿಯ ಊರೆಂದು ಅವನೇ ಬರೆದಿರುವಾಗ ನಾನು ಆ ವಾದಕ್ಕೆ ಇಳಿಯಲಾರೆ. ಅವನ ಊರಿಗಿಂತ ಅವನ ಮೊಮ್ಮಗನು ಮಾಡಿದ ಕೆಲಸವು ನಮಗೆ ಹೆಚ್ಚು ಪ್ರಯೋಜನಕರ. ಯಾದವ ಸಿಂಘಣನ ಆಸ್ಥಾನದ ಜ್ಯೋತಿಷಿಯಾದ ಚಂಗದೇವನು ಖಾನದೇಶದ ಪಾಟಣದಲ್ಲಿ ಅಜ್ಜನ ಸಿದ್ಧಾಂತಶಿರೋಮಣಿ ಮುಂತಾದ ಗ್ರಂಥಗಳನ್ನು ಕಲಿಸುವದಕ್ಕಾಗಿಯೇ ಒಂದು ಮಠವನ್ನು ಸ್ಥಾಪಿಸಿದನು. 1207ರಲ್ಲಿ ಅದಕ್ಕೆ ಭೂಮಿಯಷ್ಟೇ ಅಲ್ಲದೆ ಪೇಟೆಯ ಸರಕಿನಿಂದಲೂ ಗಾಣದ ಎಣ್ಣೆಯಿಂದಲೂ ಪಾಲು ಗೊತ್ತಾಯಿತು. ಇಲ್ಲಿಯೂ ಎಣ್ಣೆಯೇ!

ಆಮೇಲಿನ ಶತಮಾನಗಳನ್ನು ಬೇಗನೆ ದಾಟುವೆನು. ಇಂಗ್ಲಿಷರ ಆಳಿಕೆಯಲ್ಲಿ ಮುಂಬಯಿ ಇಲಾಖೆಗೆ ಸೇರಿದ ನಮ್ಮ ಸೀಮೆಯ ಶಾಲೆಗಳಲ್ಲಿ ಮೊದಲು ಮರಾಠಿಯು ಕೂತಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡಕ್ಕೆ ಎಡೆ ದೊರೆಯಿತು. 1910ರಲ್ಲಿ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಬಿ. ಎಲ್. ಡಿ. ಇ. ಸಂಸ್ಥೆಯನ್ನು ಕಟ್ಟಿದರು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಲು 1918ರಲ್ಲಿ ಬೆಂಗಳೂರಿನಿಂದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಎರಡೇ ವರ್ಷ ಬಾಳಿತು. ಬರೆಯುವವರಿದ್ದರು, ದೀಪದ ಹೊಲವಿರಲಿಲ್ಲ.

ನಾನು ಓದಿದ ಹಾಯಸ್ಕೂಲಿನ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ಶಾಲೆಯ ಹೆಸರು ಬೇಡ, ಈ ನಾಲ್ಕು ತಾಲೂಕುಗಳೊಳಗಿನದು ಎಂದರೆ ಸಾಕು. ಅಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟವಿತ್ತು. ಒಳಗೆ ಹಿತ್ತಾಳೆಯ ತಕ್ಕಡಿ, ಗಾಜಿನ ನಳಿಗೆಗಳು, ಒಂದು ಸೂಕ್ಷ್ಮದರ್ಶಕ. ಮೂರು ವರ್ಷ ನಾವು ಅವನ್ನು ಗಾಜಿನ ಹೊರಗಿನಿಂದಲೇ ನೋಡಿದೆವು. ಒಡೆದರೆ ಮೇಷ್ಟರ ಸಂಬಳದಲ್ಲಿ ಮುರಿದುಕೊಳ್ಳುವರೆಂಬ ಅಂಜಿಕೆಯಿಂದ ಬೀಗವು ತೆರೆಯಲ್ಪಡಲಿಲ್ಲ. ಸ್ಪಿರಿಟ್ಟಿಗೆ ಹಣವಿಲ್ಲದ್ದರಿಂದ ದೀಪವೂ ಹೊತ್ತಲಿಲ್ಲ. ತಪ್ಪು ಮೇಷ್ಟರದೆಂದು ನಾನು ಅಂದೂ ಎಣಿಸಲಿಲ್ಲ, ಇಂದೂ ಎಣಿಸುವದಿಲ್ಲ.

ಅದೇ ಮೇಷ್ಟರು 1980ನೆಯ ಫೆಬ್ರುವರಿ 16ರ ಶನಿವಾರ ಮಧ್ಯಾಹ್ನ ನಮ್ಮನ್ನು ಅಂಗಳದ ಹುಣಸೆಯ ಮರದ ಕೆಳಗೆ ಕರೆದೊಯ್ದರು. ಸಂಪೂರ್ಣ ಗ್ರಹಣದ ನೆರಳು ಆ ದಿನ ಕಾರವಾರದ ಕಡೆಯಿಂದ ರಾಯಚೂರಿನ ಕಡೆಗೆ ನಮ್ಮ ದಕ್ಷಿಣಕ್ಕೆ ಹಾಯುತ್ತಿತ್ತು. ನಮ್ಮಲ್ಲಿ ಸೂರ್ಯನು ಬಹುಭಾಗ ಮುಚ್ಚಿಕೊಂಡನು. ಊರೆಲ್ಲ ಕದವಿಕ್ಕಿ ಕುಳಿತಿತ್ತು. ಮರದ ಎಲೆಗಳ ಸಂದುಗಳಿಂದ ಬಿದ್ದ ಬಿಸಿಲಿನ ಚುಕ್ಕೆಗಳು ನೆಲದ ಮೇಲೆ ಒಂದೊಂದೂ ಬಿದಿಗೆಯ ಚಂದ್ರನಾದುದನ್ನು ನಾವು ಕಂಡೆವು. ಆಕಾಶವನ್ನು ನೇರವಾಗಿ ನೋಡಬೇಡಿರೆಂದು ಗದರಿಸಿ, ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಬೆಳಕು ಸರಳರೇಖೆಯಲ್ಲಿ ಸಾಗುವದೆಂಬ ಪಾಠವನ್ನು ಅವರು ಕಾಲು ಗಂಟೆಯಲ್ಲಿ ಮುಗಿಸಿದರು. ಅದನ್ನು ನಾನು ಮರೆತಿಲ್ಲ. ಪಾವಿಟ್ಟಗೆಯ ದಾನವೂ ಗ್ರಹಣದ ದಿನದ್ದೇ ಎಂಬುದನ್ನು ಬಹುಕಾಲದ ಮೇಲೆ ಓದಿದಾಗ ಮೊದಲು ನೆನಪಾದದ್ದು ಆ ಹುಣಸೆಯ ಮರ.

ಹಾಗಾದರೆ ಉಪಕರಣಗಳೇ ಬೇಡವೆ? ಹಾಗಲ್ಲ. ನೆಲವು ಕೊಡುವ ಪಾಠವನ್ನು ಮೊದಲು ತೆಗೆದುಕೊಂಡವನಿಗೆ ಕಪಾಟದ ಬೆಲೆ ತಿಳಿಯುವದು. ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯಲ್ಲಿ ಹರಿಯುವ ಡೋಣಿಯ ನೀರು ಸವಳು. ಅದರಲ್ಲಿ ಸಾಬೂನು ನೊರೆಗಟ್ಟದೆಂದು ಮನೆಯ ಹೆಂಗಸರು ಬಲ್ಲರು. ಏಕೆಂದು ಕೇಳುವದೇ ರಸಾಯನಶಾಸ್ತ್ರದ ಮೊದಲನೆಯ ಪಾಠ. ಕೃಷ್ಣೆಯ ನೀರನ್ನೂ ಡೋಣಿಯ ನೀರನ್ನೂ ಅಳೆದು ಕಾಸಿ ಇಂಗಿಸಿ, ಉಳಿದ ಉಪ್ಪನ್ನು ತೂಗುವಾಗ ಹಿತ್ತಾಳೆಯ ತಕ್ಕಡಿಯು ಹೊರಗೆ ಬರಲೇಬೇಕು. ನಮ್ಮ ಎರೆಯ ಭೂಮಿಯು ಮಳೆಯ ತೇವವನ್ನು ಎಷ್ಟು ಆಳಕ್ಕೆ, ಎಷ್ಟು ದಿನ ಹಿಡಿಯುವದೆಂಬುದನ್ನು ತಿಳಿಯಲು 1933ರಲ್ಲಿ ವಿಜಾಪುರದಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರವೊಂದು ಹುಟ್ಟಿತು. ಹಿಂಗಾರಿ ಜೋಳದ ಬಾಳುವೆಯೇ ಆ ತೇವದ ಮೇಲೆ ನಿಂತಿದೆ. ದೊಡ್ಡವರು ಹೊಲದಲ್ಲಿ ನೋಡಿದ್ದನ್ನು ಮಕ್ಕಳು ಎರಡು ಡಬ್ಬಿಗಳಲ್ಲಿ ಎರೆಮಣ್ಣನ್ನೂ ಮಸಾರಿಯನ್ನೂ ತುಂಬಿ ನೀರೆರೆದು ನೋಡಬಲ್ಲರು. ಸಿ. ವಿ. ರಾಮನ್ನರು 1922ರಲ್ಲಿ ಪಿಸುಮಾತಿನ ಮೊಗಸಾಲೆಗಳನ್ನು ಕುರಿತು ಬರೆದಾಗ ನಮ್ಮ ಗೋಳಗುಮ್ಮಟವನ್ನೂ ವಿಚಾರಕ್ಕೆ ತೆಗೆದುಕೊಂಡರು. ನಾವೋ ಅಲ್ಲಿ ಕೂಗಿ ಕೂಗಿ ಮಕ್ಕಳನ್ನು ಕರೆದುಕೊಂಡು ಬರುವೆವು.

ಇನ್ನೊಂದು ಪ್ರಯೋಗವನ್ನು ಹೇಳದೆ ಇರಲಾರೆ. ಮಾರ್ಚದ ವಿಷುವದಿನ ಮಧ್ಯಾಹ್ನ ಹನ್ನೆರಡು ಫೂಟಿನ ಗಳವನ್ನು ಇಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ ನೆರಳು ಸುಮಾರು 3 ಫೂಟು 8½ ಇಂಚು ಬೀಳುವದು. ಮುದ್ದೇಬಿಹಾಳದಲ್ಲಿ ಅದೇ ಗಳದ ನೆರಳು ಎರಡು ಇಂಚಿಗೂ ತುಸು ಹೆಚ್ಚು ಗಿಡ್ಡವಾಗುವದು. ಭಾಸ್ಕರನ ಕಾಲದವರು ಹನ್ನೆರಡು ಅಂಗುಲದ ಶಂಕುವಿನಿಂದ ಅಕ್ಷಾಂಶವನ್ನು ತಿಳಿದದ್ದು ಹೀಗೆಯೇ. ಎರಡೂ ಊರುಗಳ ನಡುವೆ ಉತ್ತರ ದಕ್ಷಿಣವಾಗಿ ತೊಂಬತ್ತು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಅಂತರವಿರುವದು. ಎರಡು ಶಾಲೆಗಳ ಮಕ್ಕಳು ತಮ್ಮ ಅಳತೆಗಳನ್ನು ಕಾಗದದಲ್ಲಿ ಬರೆದು ಕಳಿಸಿಕೊಂಡರೆ, ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಾಟೊಸ್ತೆನೀಸನು ಈಜಿಪ್ತದಲ್ಲಿ ಮಾಡಿದ ಹಾಗೆ, ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಬಹುದು. ತಪ್ಪು ಬೀಳುವದು, ಗಳವು ವಾಲಿತೆ, ನೆರಳಿನ ಅಂಚು ಮಬ್ಬಾಯಿತೆ ಎಂದು ಜಗಳವಾಗುವದು. ಆ ಜಗಳವು ಹುಟ್ಟಿದ ಶಾಲೆಯನ್ನು ನಾನು ಉತ್ತಮವೆನ್ನುವೆನು, ಪರೀಕ್ಷೆಯ ಫಲಿತಾಂಶವು ಏನೇ ಇರಲಿ.

ಸರಕಾರವು ಕೈ ಕಟ್ಟಿ ಕುಳಿತಿದೆಯೆಂದು ನಾನು ಹೇಳುತ್ತಿಲ್ಲ. 2016ರಿಂದ ನಡೆದಿರುವ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ದೊರೆಯುವದು: ಹತ್ತು ಲಕ್ಷ ಸ್ಥಾಪನೆಗೆ, ಹತ್ತು ಲಕ್ಷ ಐದು ವರ್ಷಗಳ ನಿರ್ವಹಣೆಗೆ. ನಿರ್ವಹಣೆಗೆಂದು ಬೇರೆ ಹಣವಿಟ್ಟದ್ದು ಬುದ್ಧಿವಂತಿಕೆಯ ಕೆಲಸ. ಆರನೆಯ ವರ್ಷ ಬ್ಯಾಟರಿಯು ಸತ್ತಾಗ, ಕಾಯುವವನು ಬೇರೆ ಕೆಲಸಕ್ಕೆ ಹೋದಾಗ, ಕಪಾಟಕ್ಕೆ ಮತ್ತೆ ಬೀಗ ಬೀಳದಂತೆ ನೋಡಿಕೊಳ್ಳುವವರು ಊರಿನವರೇ.

ನಮ್ಮ ನಾಲ್ಕು ತಾಲೂಕುಗಳು ಈಗ ಒಡೆದು ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳೂ ಆಗಿವೆ. ಇವುಗಳಲ್ಲಿ ವರ್ಷಕ್ಕೆ ಎಷ್ಟು ಮದುವೆಗಳಾಗುವವು, ಒಂದೊಂದು ಮದುವೆಯ ಚಪ್ಪರಕ್ಕೆ ಎಷ್ಟು ದೀಪ ಕಟ್ಟುವರು ಎಂಬುದನ್ನು ವಾಚಕರೇ ಎಣಿಸಲಿ. ಆ ದೀಪಗಳ ಬಾಡಿಗೆಯಲ್ಲಿ ನೂರಕ್ಕೆ ಐದರಷ್ಟನ್ನು ಹುಡುಗನೋ ಹುಡುಗಿಯೋ ಓದಿದ ಹಾಯಸ್ಕೂಲಿನ ವಿಜ್ಞಾನ ಮಂದಿರಕ್ಕೆ ಸಲ್ಲಿಸುವ ಪದ್ಧತಿಯನ್ನು ಬರುವ ವೈಶಾಖದಿಂದ ಒಂದೆರಡು ಊರುಗಳಲ್ಲಿಯಾದರೂ ಆರಂಭಿಸಬೇಕೆಂದು ನನ್ನ ಸೂಚನೆ. ಮೊದಲನೆಯ ವರ್ಷದ ಹಣದಲ್ಲಿ ಸ್ಪಿರಿಟ್ಟು, ಒಡೆದ ನಳಿಗೆಗಳಿಗೆ ಬದಲು ನಳಿಗೆಗಳು, ಮತ್ತು ಸಾಧ್ಯವಾದರೆ ಕಪಾಟವನ್ನು ತೆರೆದು ತೊಳೆದು ಇಡುವ ಒಬ್ಬ ಸಹಾಯಕನ ಸಂಬಳ.