ಪ್ರೊಟೀನ್ ಬಾರ್: ‘ನೈಸರ್ಗಿಕ’ ಅನ್ನೋ ಪದವನ್ನು ಒಮ್ಮೆ ಬಿಚ್ಚಿ ನೋಡೋಣ

‘ಕೃತಕ ಸಿಹಿ ಇಲ್ಲದ, ನೈಸರ್ಗಿಕವಾದ ಪ್ರೊಟೀನ್ ಬಾರ್ ಯಾವುದಿದೆ?’ ಮೈಸೂರಿನಲ್ಲಿ ಜಿಮ್‌ಗೆ ಹೋಗುವ ಗೆಳೆಯರು, ಹಾಸ್ಟೆಲ್‌ನಲ್ಲಿರುವ ಪಿಜಿ ವಿದ್ಯಾರ್ಥಿಗಳು ನನಗೆ ಆಗಾಗ ಕೇಳುವ ಪ್ರಶ್ನೆ ಇದು. ಒಂದು ಬ್ರ್ಯಾಂಡ್ ಹೆಸರು ಹೇಳಿ ಮುಗಿಸಬಹುದು. ಆದರೆ ಬ್ರ್ಯಾಂಡ್ ಬದಲಾಗತ್ತೆ, ರೆಸಿಪಿ ಬದಲಾಗತ್ತೆ, ಜಾಹೀರಾತು ಮಾಡುವ ನಟ ಬದಲಾಗ್ತಾನೆ. ಲೇಬಲ್ ಓದೋದು, ಪ್ರೊಟೀನ್ ಲೆಕ್ಕ ಹಾಕೋದು ಕಲಿತರೆ ಯಾವ ಅಂಗಡಿಯಲ್ಲಾದರೂ ಉಪಯೋಗಕ್ಕೆ ಬರತ್ತೆ. ಇಂಜಿನಿಯರಿಂಗ್ ಓದಿದ್ದರಿಂದ ನನಗೆ ಉಳಿದಿರುವ ಒಂದೇ ಚಟ ಅಂದ್ರೆ ಲೆಕ್ಕ. ಹಾಗಾಗಿ ಲೆಕ್ಕದಿಂದಲೇ ಹೋಗೋಣ.

ಈ ವಿಷಯ ಮೈಸೂರಿಗೆ ಹೊಸದಲ್ಲ

ಪ್ರೊಟೀನ್ ಬಾರ್ ಅಮೆರಿಕದಿಂದ ಗೋಕುಲಂನ ಕೆಫೆಗಳ ಮೂಲಕ ನಮ್ಮೂರಿಗೆ ಬಂತು ಅಂತ ಅನ್ನಿಸಬಹುದು. ಆದರೆ ಕಡಿಮೆ ಖರ್ಚಿನಲ್ಲಿ, ಕೆಡದ ಹಾಗೆ, ಹೆಚ್ಚು ಪ್ರೊಟೀನ್ ಕೊಡೋದು ಹೇಗೆ ಅನ್ನುವ ಪ್ರಶ್ನೆಗೆ ಈ ಊರು 70 ವರ್ಷಗಳಿಂದ ತಲೆ ಕೆಡಿಸಿಕೊಂಡಿದೆ.

1950ರಲ್ಲಿ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಶುರುವಾಯಿತು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್. ಆ ದಶಕದಲ್ಲೇ ಸಂಸ್ಥೆ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪುಡಿಯೊಂದನ್ನು ರೂಪಿಸಿತು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಪಾಲು, ಹುರಿದ ಕಡಲೆ ಹಿಟ್ಟು 25 ಪಾಲು, ಜೊತೆಗೆ ವಿಟಮಿನ್ ಮತ್ತು ಕ್ಯಾಲ್ಸಿಯಂ. ಪ್ರೊಟೀನ್ ಸುಮಾರು ಶೇ 42. ಹಾಲು, ಮೊಟ್ಟೆ, ಮಾಂಸ ಕೈಗೆಟುಕದವರಿಗಾಗಿ ಮಾಡಿದ್ದು. ಮುಂದೆ ಸ್ಪಿರುಲಿನಾ ಸೇರಿಸಿದ ಪೌಷ್ಟಿಕ ಚಿಕ್ಕಿಯೂ ಇದೇ ಸಂಸ್ಥೆಯಿಂದ ಬಂತು.

ಸಿದ್ದಾರ್ಥನಗರದ ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, 1961ರದ್ದು. ಸಿಯಾಚಿನ್‌ನಂಥ ಕಡೆ ಇರುವ ಸೈನಿಕರಿಗೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ ಆಹಾರ ಅದರ ಕೆಲಸ. 1984ರಲ್ಲಿ ರಾಕೇಶ್ ಶರ್ಮಾ ಅವರ ಬಾಹ್ಯಾಕಾಶ ಯಾನಕ್ಕೆ ರವೆ ಹಲ್ವ, ತರಕಾರಿ ಪಲಾವ್ ಹೋಗಿದ್ದು ಇಲ್ಲಿಂದಲೇ.

ಈ ಲ್ಯಾಬ್‌ಗಳಿಗಿಂತ ಮೊದಲೇ ನಮ್ಮ ಅಡುಗೆಮನೆಗಳಲ್ಲಿ ಕಡಲೆ ಮಿಠಾಯಿ, ಹುರಿಗಡಲೆ ತಂಬಿಟ್ಟು, ಎಳ್ಳಿನ ಚಿಗಳಿ ಇದ್ದವು. ಎಣ್ಣೆಕಾಳು, ಬೇಳೆಕಾಳು, ಬೆಲ್ಲ. ಇವತ್ತು ಬಣ್ಣದ ಹೊದಿಕೆಯಲ್ಲಿ ಬರುವ ಬಾರ್‌ನ ಅಸ್ಥಿಪಂಜರವೂ ಇದೇ.

ಹಾಗಾದರೆ ಕೃತಕ ಸಿಹಿ ಯಾಕೆ ಹಾಕ್ತಾರೆ?

ಕಂಪನಿಗಳು ಕೆಟ್ಟವು ಅನ್ನೋದು ಸುಲಭದ ಉತ್ತರ. ನಿಜವಾದ ಉತ್ತರ ಸ್ವಲ್ಪ ತಾಂತ್ರಿಕ.

60 ಗ್ರಾಂ ಬಾರ್‌ನಲ್ಲಿ 20 ಗ್ರಾಂ ಪ್ರೊಟೀನ್ ಬೇಕು ಅಂದ್ರೆ ಕಾಳು, ಬೀಜದಿಂದ ಮಾತ್ರ ಆಗಲ್ಲ. ಕಡಲೆಕಾಯಿ ಬೀಜದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೊಟೀನ್, ಹುರಿಗಡಲೆಯಲ್ಲಿ ಸುಮಾರು 21. ಪೂರ್ತಿ ಬಾರ್ ಬರೀ ಕಡಲೆಬೀಜದ್ದೇ ಆದರೂ 60 ಗ್ರಾಂಗೆ ಸಿಗೋದು 15. ಆದ್ದರಿಂದ ಹಾಲಿನ ವ್ಹೇ, ಸೋಯಾ ಅಥವಾ ಬಟಾಣಿಯಿಂದ ಬೇರ್ಪಡಿಸಿದ ಪ್ರೊಟೀನ್ ಪುಡಿ ಹಾಕಲೇಬೇಕು. ಈ ಪುಡಿಗಳು ಒಣಒಣ. ಬಟಾಣಿ, ಸೋಯಾದ್ದಕ್ಕೆ ಕಹಿ, ಹಸಿಹಸಿ ವಾಸನೆ ಬೇರೆ. ಅದನ್ನು ಮುಚ್ಚಲು ಜೋರು ಸಿಹಿ ಬೇಕು. ಸಕ್ಕರೆ ಹಾಕಿದರೆ ‘ಶುಗರ್ ಫ್ರೀ’ ಅನ್ನೋ ಹಾಗಿಲ್ಲ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಅಲ್ಲಿ ಒಳಗೆ ಬರತ್ತೆ.

ಇನ್ನೊಂದು ತೊಡಕಿದೆ. ಬಾರ್‌ನಲ್ಲಿ ಸಕ್ಕರೆಯ ಕೆಲಸ ಬರೀ ಸಿಹಿ ಅಲ್ಲ. ಅದು ಅಂಟು, ಅದು ಗಾತ್ರ, ನೀರನ್ನು ಹಿಡಿದಿಟ್ಟು ಬೂಸ್ಟು ಬರದಂತೆ ತಡೆಯೋದೂ ಅದೇ. ಚಿಟಿಕೆ ಸುಕ್ರಲೋಸ್‌ನಿಂದ ಇದು ಸಾಧ್ಯವಿಲ್ಲ. ಆ ಜಾಗ ತುಂಬಲು ಮಾಲ್ಟಿಟಾಲ್, ಸಾರ್ಬಿಟಾಲ್‌ನಂಥ ಸಕ್ಕರೆ ಆಲ್ಕೋಹಾಲ್‌ಗಳು, ಗ್ಲಿಸರಿನ್, ಕರಗುವ ನಾರು ಬರ್ತವೆ. ಬಾರ್ ತಿಂದ ಮೇಲೆ ಕೆಲವರಿಗೆ ಹೊಟ್ಟೆ ಗುಡುಗುಡು ಅನ್ನೋದು ಹೆಚ್ಚಾಗಿ ಇವುಗಳಿಂದ, ಸುಕ್ರಲೋಸ್‌ನಿಂದಲ್ಲ.

ಅಪಾಯ ಎಷ್ಟು?

ಹೆದರಿಸುವ ರೀಲ್ಸ್‌ಗಳನ್ನು ಪಕ್ಕಕ್ಕಿಡಿ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ನಿಯಂತ್ರಣಕ್ಕಾಗಿ ಸಕ್ಕರೆಯೇತರ ಸಿಹಿಗಳನ್ನು ಬಳಸಬೇಡಿ ಎಂದು ಸಲಹೆ ನೀಡಿತು. ಅದರಲ್ಲಿ ಸ್ಟೀವಿಯಾ ಕೂಡ ಸೇರಿದೆ ಅನ್ನೋದನ್ನ ಗಮನಿಸಿ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅದೇ ವರ್ಷ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಆದರೆ ಸೇವನೆಯ ಮಿತಿ ನಿಗದಿ ಮಾಡುವ ಇನ್ನೊಂದು ಸಮಿತಿ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಅಂದರೆ ಒಂದು ಬಾರ್ ತಿಂದರೆ ಏನೂ ಆಗಲ್ಲ. ದಿನಾ ತಿನ್ನುವ ಅಭ್ಯಾಸಕ್ಕೆ ಒಳ್ಳೆಯ ಕಾರಣವೂ ಇಲ್ಲ.

ಇನ್ನು 2024ರ ಮೇನಲ್ಲಿ ಬಂದ ಐಸಿಎಂಆರ್ ಹಾಗೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ, ದೇಹದಾರ್ಢ್ಯಕ್ಕಾಗಿ ಪ್ರೊಟೀನ್ ಪುಡಿಗಳ ಮೊರೆ ಹೋಗಬೇಡಿ ಎಂದೇ ಹೇಳಿದೆ. ಆರೋಗ್ಯವಂತ ವಯಸ್ಕರಿಗೆ ಅದರ ಲೆಕ್ಕ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್. 65 ಕಿಲೋ ತೂಕದವರಿಗೆ 54 ಗ್ರಾಂ.

ಲೇಬಲ್ ಓದುವ ಐದು ಹೆಜ್ಜೆ

1. ಮುಂಭಾಗ ಬಿಡಿ, ಹಿಂಭಾಗ ನೋಡಿ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರಬೇಕು. ಮೊದಲ ಮೂರು ಹೆಸರುಗಳೇ ಬಾರ್‌ನ ಜಾತಕ.

2. ಐಎನ್‌ಎಸ್ ಸಂಖ್ಯೆ ಹುಡುಕಿ. 950 ಅಸೆಸಲ್ಫೇಮ್ ಪೊಟ್ಯಾಸಿಯಂ, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 961 ನಿಯೋಟೇಮ್. ಇವು ಕೃತಕ. 960 ಸ್ಟೀವಿಯಾ ಎಲೆಯ ಸಾರ. 420 ಸಾರ್ಬಿಟಾಲ್, 965 ಮಾಲ್ಟಿಟಾಲ್, 968 ಎರಿಥ್ರಿಟಾಲ್. ‘ಕೃತಕ ಸಿಹಿ ಇಲ್ಲ’ ಎಂದು ಬರೆದ ಬಾರ್‌ನಲ್ಲಿ 960, 968 ಇರೋದು ಸಾಮಾನ್ಯ. ನಿಮಗೆ ಅದು ಸರಿಯೋ ತಪ್ಪೋ ನೀವೇ ತೀರ್ಮಾನಿಸಿ, ಆದರೆ ಗೊತ್ತಿದ್ದು ತೀರ್ಮಾನಿಸಿ.

3. ‘ಸಕ್ಕರೆ ಸೇರಿಸಿಲ್ಲ’ ಅನ್ನೋ ಮಾತನ್ನು ಪರೀಕ್ಷಿಸಿ. ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹಕ್ಕುಸಾಧನೆ ನಿಯಮಗಳ ಪ್ರಕಾರ, ಜೇನುತುಪ್ಪ ಹಾಕಿದರೂ ಹೀಗೆ ಹೇಳುವಂತಿಲ್ಲ. ಸಕ್ಕರೆಯ ಬದಲಿಗೆ ಒಣಹಣ್ಣಿನ ಪೇಸ್ಟ್ ಹಾಕಿದರೂ ಹೇಳುವಂತಿಲ್ಲ. ಖರ್ಜೂರದ ಪೇಸ್ಟ್ ಮೊದಲ ಸಾಲಿನಲ್ಲಿದ್ದರೆ ಅದು ಸಿಹಿಗಾಗಿಯೇ ಬಂದಿರೋದು.

4. ‘ಹೈ ಪ್ರೊಟೀನ್’ ಅನ್ನುವುದಕ್ಕೆ ಮರುಳಾಗಬೇಡಿ. ಘನ ಆಹಾರದಲ್ಲಿ 100 ಗ್ರಾಂಗೆ ದಿನದ ಅಗತ್ಯದ ಶೇ 20ರಷ್ಟು ಪ್ರೊಟೀನ್ ಇದ್ದರೆ ಸಾಕು, ಹಾಗೆ ಬರೆಯಬಹುದು. 54 ಗ್ರಾಂ ಆಧಾರದಲ್ಲಿ ಅದು 11 ಗ್ರಾಂ ಕೂಡ ಆಗಲ್ಲ. ಈ ಅಳತೆಯಲ್ಲಿ ನಮ್ಮ ಬಸ್ ಸ್ಟ್ಯಾಂಡ್‌ನ ಕಡಲೆ ಮಿಠಾಯಿ ಕೂಡ ‘ಹೈ ಪ್ರೊಟೀನ್’!

5. ಬೆಲೆಯನ್ನು ಪ್ರೊಟೀನ್ ಗ್ರಾಂನಿಂದ ಭಾಗಿಸಿ. ನೂರು ರೂಪಾಯಿಯ ಬಾರ್‌ನಲ್ಲಿ 10 ಗ್ರಾಂ ಇದ್ದರೆ ಒಂದು ಗ್ರಾಂಗೆ 10 ರೂಪಾಯಿ. ಏಳು ರೂಪಾಯಿಯ ಮೊಟ್ಟೆಯಲ್ಲಿ 6 ಗ್ರಾಂ ಇದೆ. ಗ್ರಾಂಗೆ ಒಂದು ರೂಪಾಯಿ ಚಿಲ್ಲರೆ.

‘ನೈಸರ್ಗಿಕ’ ಎಂಬ ಪದದ ಬಗ್ಗೆಯೂ ಅದೇ 2018ರ ನಿಯಮ ಸ್ಪಷ್ಟವಾಗಿದೆ. ಏನನ್ನೂ ಬೆರೆಸದ ಒಂದೇ ಪದಾರ್ಥಕ್ಕೆ ಆ ಪದ ಬಳಸಬಹುದು. ಹಲವು ಪದಾರ್ಥ ಬೆರೆಸಿದ ಆಹಾರವನ್ನು ‘ನೈಸರ್ಗಿಕ’ ಅನ್ನುವಂತಿಲ್ಲ; ಎಲ್ಲ ಪದಾರ್ಥಗಳೂ ಹಾಗಿದ್ದರೆ ‘ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು’ ಅನ್ನಬಹುದು ಅಷ್ಟೇ. ಅಂದರೆ ‘ನ್ಯಾಚುರಲ್ ಪ್ರೊಟೀನ್ ಬಾರ್’ ಅನ್ನೋ ಹೆಸರಿಗೇ ನಿಯಮದಲ್ಲಿ ಜಾಗ ಇಲ್ಲ.

ಮನೆಯಲ್ಲೇ ಮಾಡೋದಾದರೆ

ನಾನು ಮಾಡಿಕೊಳ್ಳುವ ಅಳತೆ ಇದು. ತಲಾ 50 ಗ್ರಾಂನ ಸುಮಾರು 12 ಬಾರ್ ಆಗುತ್ತವೆ.

- ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ: 150 ಗ್ರಾಂ
- ಹುರಿಗಡಲೆ: 150 ಗ್ರಾಂ
- ಕೆನೆ ತೆಗೆದ ಹಾಲಿನ ಪುಡಿ: 100 ಗ್ರಾಂ
- ಹುರಿದ ಎಳ್ಳು: 50 ಗ್ರಾಂ
- ಬೆಲ್ಲ: 150 ಗ್ರಾಂ
- ಏಲಕ್ಕಿ, ಚಿಟಿಕೆ ಉಪ್ಪು, ಒಂದು ಚಮಚ ತುಪ್ಪ

ಅರ್ಧ ಕಡಲೆಬೀಜವನ್ನು ಎಣ್ಣೆ ಬಿಡುವ ತನಕ ಮಿಕ್ಸಿಯಲ್ಲಿ ರುಬ್ಬಿ, ಉಳಿದರ್ಧ ತರಿತರಿ ಮಾಡಿ. ಹುರಿಗಡಲೆ ಪುಡಿ ಮಾಡಿ. ಬೆಲ್ಲಕ್ಕೆ ಮೂರ್ನಾಲ್ಕು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಎಳೆಪಾಕಕ್ಕೆ ತನ್ನಿ. ಚಿಕ್ಕಿಯ ಗಟ್ಟಿ ಪಾಕ ಬೇಡ, ಕಲ್ಲಾಗತ್ತೆ. ಒಲೆ ಆರಿಸಿ ಎಲ್ಲವನ್ನೂ ಬೇಗ ಕಲಸಿ, ತುಪ್ಪ ಸವರಿದ ತಟ್ಟೆಗೆ ಒತ್ತಿ, ಬೆಚ್ಚಗಿರುವಾಗಲೇ ಕತ್ತರಿಸಿ. ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಡಬಹುದು. ಬೆಲ್ಲದ ಬದಲು ಖರ್ಜೂರ ಬಳಸಿದರೆ ತೇವ ಜಾಸ್ತಿ, ಫ್ರಿಜ್‌ನಲ್ಲೇ ಇಡಿ.

ಈಗ ಲೆಕ್ಕ. ಒಟ್ಟು ಪ್ರೊಟೀನ್ ಸುಮಾರು 112 ಗ್ರಾಂ, ಅಂದರೆ ಬಾರ್‌ಗೆ 9 ಗ್ರಾಂ ಚಿಲ್ಲರೆ. ಕ್ಯಾಲೊರಿ ಸುಮಾರು 220. ಬೆಲ್ಲ ಹನ್ನೆರಡೂವರೆ ಗ್ರಾಂ, ಅಂದರೆ ಮೂರು ಟೀ ಚಮಚ. ಬೆಲ್ಲ ‘ಆರೋಗ್ಯಕರ’ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅದರಲ್ಲಿ ಹೆಚ್ಚಿನ ಪಾಲು ಸುಕ್ರೋಸೇ. ಸೇರಿಸಿದ ಸಕ್ಕರೆಯನ್ನು ದಿನಕ್ಕೆ 25 ಗ್ರಾಂ ಒಳಗಿಟ್ಟರೆ ಒಳ್ಳೆಯದು ಅನ್ನೋ ಲೆಕ್ಕ ಹಿಡಿದರೆ, ಒಂದು ಬಾರ್‌ನಲ್ಲೇ ಅರ್ಧ ಮುಗಿಯಿತು. 20 ಗ್ರಾಂ ಪ್ರೊಟೀನ್ ಬೇಕು ಅಂತ ಎರಡು ತಿಂದರೆ 440 ಕ್ಯಾಲೊರಿ. ಪೂರ್ಣ ಆಹಾರದ ಬಾರ್‌ನ ಮಿತಿ ಇದು, ಅದನ್ನು ಒಪ್ಪಿಕೊಂಡೇ ಮಾಡಬೇಕು.

ಎಳ್ಳು ಮತ್ತು ಹಾಲಿನ ಪುಡಿ ಸುಮ್ಮನೆ ಸೇರಿಸಿದ್ದಲ್ಲ. ಬೇಳೆಕಾಳಿನಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಎಳ್ಳಿನಲ್ಲಿ ಅದು ಹೆಚ್ಚು. ಎಳ್ಳಿನಲ್ಲಿ ಕಡಿಮೆ ಇರುವ ಲೈಸಿನ್ ಕಡಲೆಯಲ್ಲಿದೆ, ಹಾಲಿನಲ್ಲೂ ಇದೆ. ಒಂದರ ಕೊರತೆಯನ್ನು ಇನ್ನೊಂದು ತುಂಬತ್ತೆ.

ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಎರಡು ಎಚ್ಚರಿಕೆ. ಮುದುಡಿದ, ಬೂಸ್ಟು ಹಿಡಿದ ಕಡಲೆಬೀಜ ಆರಿಸಿ ಬಿಸಾಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗಲ್ಲ. ತೀರಾ ಬೆಳ್ಳಗಿನ, ಹೊಂಬಣ್ಣದ ಬೆಲ್ಲಕ್ಕೆ ಬಣ್ಣ ತೆಗೆಯಲು ಗಂಧಕದ ರಾಸಾಯನಿಕ ಬಳಸಿರೋ ಸಾಧ್ಯತೆ ಹೆಚ್ಚು. ಕಂದು ಬೆಲ್ಲ ಕೇಳಿ. ಪಕ್ಕದ ಮಂಡ್ಯದ ಆಲೆಮನೆಗಳಲ್ಲಿ ಎರಡೂ ಥರದ್ದು ಆಗತ್ತೆ, ಗ್ರಾಹಕ ಬಣ್ಣ ನೋಡಿ ಕೊಳ್ಳೋದೇ ಸಮಸ್ಯೆ.

ಇದು ಜಿಮ್‌ನವರ ವಿಷಯ ಮಾತ್ರ ಅಲ್ಲ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದ್ದು ನೆನಪಿರಬಹುದು. ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದಾಯಿತು. 2025ರ ಆರಂಭದಲ್ಲಿ ಸಕ್ಕರೆ ಅಂಶ, ದಾಸ್ತಾನಿನ ಗುಣಮಟ್ಟ ಮುಂತಾದ ಕಾರಣಗಳಿಗಾಗಿ ಸರ್ಕಾರ ಚಿಕ್ಕಿಯನ್ನು ಕೈಬಿಟ್ಟಿತು.

ಅದೇ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೊಟೀನ್. ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. 25 ಗ್ರಾಂ ಕಡಲೆಬೀಜ ಇರುವ 40 ಗ್ರಾಂ ಚಿಕ್ಕಿಯಲ್ಲಿ 6 ಗ್ರಾಂ. ಗುಣಮಟ್ಟದಲ್ಲಿ ಮೊಟ್ಟೆಯ ಪ್ರೊಟೀನೇ ಮೇಲು, ಅದರಲ್ಲಿ ಅನುಮಾನ ಬೇಡ. ಆದರೆ ಮೊಟ್ಟೆ ತಿನ್ನದ ಮಗುವಿಗೆ ಚಿಕ್ಕಿ ತೆಗೆದು ಬಾಳೆಹಣ್ಣು ಮಾತ್ರ ಉಳಿಸಿದರೆ ಆ ಮಗು 5 ಗ್ರಾಂ ಕಳೆದುಕೊಳ್ಳತ್ತೆ. ಚಿಕ್ಕಿಯಲ್ಲಿ ಬೆಲ್ಲ ಜಾಸ್ತಿ ಅನ್ನೋದು ನಿಜ. ಬೆಲ್ಲ ಕಡಿಮೆ ಮಾಡಿ, ಹುರಿಗಡಲೆ, ಎಳ್ಳು ಸೇರಿಸಿ, ದಾಸ್ತಾನು ಸರಿಪಡಿಸಬಹುದಿತ್ತು. ಅದಕ್ಕೆ ಬೇಕಾದ ವಿದ್ಯೆ ಇದೇ ಮೈಸೂರಿನಲ್ಲಿ, ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಇದೆ.

ಲೇಬಲ್ ವಿಷಯವೂ ಹೀಗೆಯೇ. ಪೊಟ್ಟಣದ ಮುಂಭಾಗದಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ಮಾಹಿತಿ ಎದ್ದು ಕಾಣಬೇಕು ಅನ್ನೋ ಬೇಡಿಕೆ ಹಳೆಯದು. 2022ರ ಸೆಪ್ಟೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಹೊರಡಿಸಿದ ಕರಡು, ಎಚ್ಚರಿಕೆಯ ಬದಲು ನಕ್ಷತ್ರಗಳ ರೇಟಿಂಗ್ ಸೂಚಿಸಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ ತಜ್ಞರ ಸಮಿತಿಗೆ ಗಡುವು ಕೊಡಬೇಕಾಯಿತು. ಸಂಖ್ಯೆ ಹುಡುಕಿ, ಭಾಗಾಕಾರ ಮಾಡಿ ಬಾರ್ ಕೊಳ್ಳೋದು ನಮ್ಮಂಥವರಿಗೆ ಸಾಧ್ಯ. ಆದರೆ ಇಂಗ್ಲಿಷ್‌ನ ಸಣ್ಣ ಅಕ್ಷರ ಓದಲಾಗದೆ ಮಗುವಿಗೆ ‘ಪ್ರೊಟೀನ್’ ಅಂತ ಬರೆದ ಬಿಸ್ಕತ್ತು ಕೊಡಿಸುವ ತಾಯಿಗೆ ಈ ಲೇಖನದ ಐದು ಹೆಜ್ಜೆ ಉಪಯೋಗಕ್ಕೆ ಬರಲ್ಲ. ಅವರಿಗೆ ಬೇಕಿರೋದು ಕನ್ನಡದಲ್ಲಿ, ಮುಂಭಾಗದಲ್ಲಿ, ದಪ್ಪ ಅಕ್ಷರದಲ್ಲಿ ಇರುವ ಒಂದು ಸಾಲು: ಇದರಲ್ಲಿ ಸಕ್ಕರೆ ಎಷ್ಟು ಚಮಚ ಇದೆ ಅಂತ.