ಹೊರಚರ್ಮದ ಹುಟ್ಟುಮಚ್ಚೆ

ಚರ್ಮದ ಮೇಲ್ಪದರ ಒಂದೆಡೆ ಅತಿಯಾಗಿ ಬೆಳೆದು ಮೂಡುವ, ಕ್ಯಾನ್ಸರ್ ಅಲ್ಲದ ಮಚ್ಚೆ. ವೈದ್ಯರು ಇದನ್ನು ಎಪಿಡರ್ಮಲ್ ನೀವಸ್ ಎನ್ನುತ್ತಾರೆ. ಸುಮಾರು 1000 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ಹುಟ್ಟುವಾಗಲೇ ಕಾಣಬಹುದು, ಇಲ್ಲವೇ ಮೊದಲ ಕೆಲವು ವರ್ಷಗಳಲ್ಲಿ ಮೂಡಬಹುದು. ಮೊದಲು ತೆಳುವಾದ ಕಂದು ಗೆರೆ. ಹರೆಯದ ಹೊತ್ತಿಗೆ ಅದೇ ಉಬ್ಬಿ, ಒರಟಾಗಿ, ನರೂಲಿಗಳನ್ನು ಸಾಲಾಗಿ ಪೋಣಿಸಿದಂತಾಗುತ್ತದೆ. ಇದು ಅಂಟುವುದಿಲ್ಲ. ಗ್ರಹಣಕ್ಕೂ ಬಸುರಿಯ ನಡೆಗೂ ಇದರೊಂದಿಗೆ ಯಾವ ನಂಟೂ ಇಲ್ಲ. ಭ್ರೂಣ ಬೆಳೆಯುವಾಗ ಒಂದು ಜೀವಕೋಶದಲ್ಲಿ ಜೀನ್ ಬದಲಾಗಿ, ಅದರ ಸಂತತಿಯ ಕೋಶಗಳು ಹರಡಿದ ದಾರಿಯಲ್ಲೇ ಮಚ್ಚೆ ಮೂಡುತ್ತದೆ. ಈ ದಾರಿಗಳನ್ನು 1901ರಲ್ಲಿ ಗುರುತಿಸಿದವರು ಜರ್ಮನಿಯ ಚರ್ಮವೈದ್ಯ ಆಲ್‌ಫ್ರೆಡ್ ಬ್ಲಾಶ್ಕೊ.

ರೋಗನಿರ್ಣಯಕ್ಕೆ ಬಣ್ಣಕ್ಕಿಂತ ಗೆರೆ ಸಾಗುವ ದಿಕ್ಕೇ ಮುಖ್ಯ. ಕೈಕಾಲುಗಳಲ್ಲಿ ಉದ್ದಕ್ಕೆ ಇಳಿಯುವ, ಪಕ್ಕೆಯಲ್ಲಿ ಬಳುಕುವ, ಎಷ್ಟೋ ಸಲ ಮೈಯ ನಡುಗೆರೆಗೆ ಬಂದು ನಿಲ್ಲುವ ಮಚ್ಚೆಯನ್ನು ಕಂಡರೆ ನುರಿತ ಕಣ್ಣಿಗೆ ಹೆಚ್ಚಿನ ಪರೀಕ್ಷೆ ಬೇಕಾಗದು. ಹುಳಕಡ್ಡಿ ದುಂಡಗೆ ಹರಡಿ ತುರಿಸುತ್ತದೆ. ಅದೆಂದು ತಿಳಿದು ಮೆಡಿಕಲ್ ಅಂಗಡಿಯ ಮುಲಾಮು ಸವರಿದರೆ ಈ ಮಚ್ಚೆ ಅಳಿಯದು. ಸ್ಟೀರಾಯ್ಡ್ ಬೆರೆತ ಮುಲಾಮಾದರೆ ಸುತ್ತಲ ಚರ್ಮ ತೆಳುವಾಗುವುದೊಂದೇ ಲಾಭ. ಲೈಕನ್ ಸ್ಟ್ರಯೇಟಸ್ ಎಂಬ ಚರ್ಮದ ಕಾಯಿಲೆ ಇದೇ ಗೆರೆಗಳಲ್ಲಿ ದಿಢೀರನೆ ಬಂದರೂ ತಾನಾಗಿ ಮಾಯುತ್ತದೆ. ಈ ಹುಟ್ಟುಮಚ್ಚೆಯ ದಾಯಾದಿಯಾದ ಸೆಬೇಶಿಯಸ್ ನೀವಸ್ ನೆತ್ತಿಯಲ್ಲಿ ಕೂದಲಿಲ್ಲದ ಹಳದಿ ಪಟ್ಟೆಯಾಗಿರುತ್ತದೆ. ಜಾವಳ ತೆಗೆಸಿದಾಗಲೇ ಅದು ಕಣ್ಣಿಗೆ ಬೀಳುವುದುಂಟು.

ಮಚ್ಚೆ ದೊಡ್ಡದಾಗಿದ್ದರೆ ಮಗುವಿನ ಕಣ್ಣು, ಮೂಳೆ, ನರಮಂಡಲವನ್ನೂ ನೋಡಬೇಕು. ಫಿಟ್ಸ್, ತಡವಾದ ಬೆಳವಣಿಗೆ, ಸೊಟ್ಟಕಾಲು ಜತೆಗಿದ್ದರೆ ಅದು ಬರಿಯ ಚರ್ಮದ ಮಾತಲ್ಲ. ಸಂದೇಹವಿದ್ದಲ್ಲಿ ಚೂರು ಚರ್ಮ ತೆಗೆದು ಬಯಾಪ್ಸಿ ಮಾಡುತ್ತಾರೆ. ಇದರ ಬೆಲೆ ಮುಂದಿನ ತಲೆಮಾರಿಗೂ ಉಂಟು: ಮಚ್ಚೆ ಎಪಿಡರ್ಮೋಲಿಟಿಕ್ ಎಂಬ ಬಗೆಯದಾಗಿದ್ದು ಬೀಜಕೋಶಗಳಲ್ಲೂ ಅದೇ ಬದಲಾವಣೆ ಇದ್ದರೆ, ಮುಂದೆ ಹುಟ್ಟುವ ಮಗುವಿನ ಇಡೀ ಮೈಗೆ ಕಾಯಿಲೆ ಬರಬಹುದು. ಅಂಥವರಿಗೆ ಜೀನ್ ಸಲಹೆ ಬೇಕು.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುವುದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ. ಮಚ್ಚೆಯನ್ನು ತೋರಿಸಲು ಅದೇ ಸುಲಭದ ಸಂದರ್ಭ. ಚರ್ಮ ವಿಭಾಗವಿರುವ ದೊಡ್ಡಾಸ್ಪತ್ರೆಗಳೆಂದರೆ ಬೆಳಗಾವಿಯ ಬಿಮ್ಸ್ (ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಮತ್ತು ಕೆಎಲ್‌ಇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ.

ತೊಂದರೆ ಕೊಡದ ಮಚ್ಚೆಗೆ ಚಿಕಿತ್ಸೆ ಕಡ್ಡಾಯವಲ್ಲ. ಬೇಕೆಂದರೆ ಲೇಸರ್ ಅಥವಾ ಶಸ್ತ್ರಚಿಕಿತ್ಸೆ ಇದೆ. ಮೇಲ್ಪದರವನ್ನಷ್ಟೇ ಕೆರೆದು ತೆಗೆದರೆ ಮತ್ತೆ ಬೆಳೆಯುತ್ತದೆ. ಆಳಕ್ಕೆ ತೆಗೆದರೆ ಕಲೆ ಉಳಿಯುತ್ತದೆ.