ತೂಕ ಇಳಿಸುವ ಆಪರೇಷನ್‌ಗೆ ಮೊದಲು ‘ಲಿಕ್ವಿಡ್ ಡಯಟ್’: ಗಂಜಿ, ಬೊಂಡ ಲೆಕ್ಕಕ್ಕಿಲ್ಲ, ಶುಗರ್ ಮಾತ್ರೆ ಬಗ್ಗೆ ಕೇಳದೆ ಶುರು ಮಾಡ್ಬೇಡಿ

ವಾಮಂಜೂರು: “ಲಿಕ್ವಿಡ್ ಅಂದ್ರೆ ನೀರಾಗಿರ್ಬೇಕು, ಅಷ್ಟೇ ಅಲ್ವಾ? ಹಾಗಾದ್ರೆ ಗಂಜಿ ಆಗ್ತದೆ.”

ಬೇರಿಯಾಟ್ರಿಕ್ ಸರ್ಜರಿಗೆ ದಿನ ಗೊತ್ತಾದ ಮೇಲೆ ನಮ್ಮ ಚಿಕ್ಕಮ್ಮ ಹೇಳಿದ ಮಾತು ಇದು. ವಾಮಂಜೂರಿನಲ್ಲಿ ಟೈಲರಿಂಗ್ ಮಾಡುವ ಅವರಿಗೆ ಆಗ 118 ಕೆಜಿ ತೂಕ. ಹತ್ತು ವರ್ಷದಿಂದ ಶುಗರ್, ಜೊತೆಗೆ ಮೊಣಕಾಲು ನೋವು. ಆಸ್ಪತ್ರೆಯಿಂದ ಬರುವಾಗ ಕೈಗೆ ಒಂದು ಇಂಗ್ಲಿಷ್ ಚೀಟಿ ಕೊಟ್ಟಿದ್ದರು. ಆಪರೇಷನ್‌ಗೆ ಮೊದಲು 2 ವಾರ ಲಿಕ್ವಿಡ್ ಡಯಟ್ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಇತ್ತು. ಕೆಳಗಿನ ಸಣ್ಣ ಅಕ್ಷರವನ್ನು ಮನೆಯಲ್ಲಿ ಯಾರೂ ಓದಲಿಲ್ಲ, ನಾನೂ ಸೇರಿ.

ಮೊದಲ ಎರಡು ದಿನ ಕುಚ್ಚಲಕ್ಕಿ ಗಂಜಿ, ಬೊಂಡ, ಸಕ್ಕರೆ ಹಾಕಿದ ಪುನರ್ಪುಳಿ ಜ್ಯೂಸ್ ನಡೆಯಿತು. ಡಯಟೀಷಿಯನ್ ಫೋನ್ ಮಾಡಿ ವಿಚಾರಿಸಿದಾಗ ವಿಷಯ ಗೊತ್ತಾಗಿ ಬೈದರು. ಹೆದರಿ ಎಲ್ಲವನ್ನೂ ಒಮ್ಮೆಲೇ ಬಿಟ್ಟರು. ಆದರೆ ಶುಗರ್ ಮಾತ್ರೆ ಮಾತ್ರ ಎಂದಿನಂತೆ ಫುಲ್ ಡೋಸ್. ಮರುದಿನ ಬೆಳಗಿನ ಜಾವ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲುತ್ತಿತ್ತು. ಮೀಟರ್‌ನಲ್ಲಿ ನೋಡಿದರೆ ಶುಗರ್ 54. ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಆಸ್ಪತ್ರೆಗೆ ಓಡಿದ್ದಾಯಿತು. ಆಪರೇಷನ್ ಮುಂದಕ್ಕೆ ಹೋಯಿತು.

ಈಗ ಮಂಗಳೂರಿನಲ್ಲೂ ಈ ಸರ್ಜರಿ ಮಾಡಿಸುವವರು ಇದ್ದಾರೆ. ಮಾಡಿಸುವುದೋ ಬೇಡವೋ ಅಂತ ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ದಿನ ಗೊತ್ತಾಗಿ ಚೀಟಿ ಕೈಯಲ್ಲಿ ಹಿಡಿದವರು ಈ ಎರಡು ವಾರದ ಬಗ್ಗೆ ತಿಳಿದಿರಬೇಕಾದ್ದು ಸುಮಾರು ಉಂಟು.

ಯಾಕೆ ಬೇಕು ಈ ಡಯಟ್?

“ಹೇಗೂ ಆಪರೇಷನ್ ಮಾಡಿ ತೂಕ ಇಳಿಸ್ತಾರಲ್ಲ, ಮೊದಲೇ ಯಾಕೆ ಉಪವಾಸ?” ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಇರುವುದು ಲಿವರ್‌ನಲ್ಲಿ. ಲಿವರ್‌ನ ಎಡಭಾಗ ಹೊಟ್ಟೆಯ ಚೀಲದ ಮೇಲೆ ಮುಚ್ಚಳದ ಹಾಗೆ ಕೂತಿರುತ್ತದೆ. ತೂಕ ಜಾಸ್ತಿ ಇರುವ ಹೆಚ್ಚಿನವರ ಲಿವರ್‌ನಲ್ಲಿ ಕೊಬ್ಬು ತುಂಬಿ ಅದು ದೊಡ್ಡದಾಗಿರುತ್ತದೆ. ಸರ್ಜರಿ ಮಾಡುವುದು ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ಸಣ್ಣ ತೂತು ಮಾಡಿ ಒಳಗೆ ಕ್ಯಾಮೆರಾ ಬಿಟ್ಟು. ಹೊಟ್ಟೆಯ ಚೀಲ ಕಾಣಬೇಕಾದರೆ ಲಿವರನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ದೊಡ್ಡದಾಗಿ, ಮೆತ್ತಗಾಗಿ ಇರುವ ಲಿವರ್ ಎತ್ತುವಾಗ ಹರಿದು ರಕ್ತ ಬರಬಹುದು. ಜಾಗವೇ ಕಾಣದಿದ್ದರೆ ಹೊಟ್ಟೆ ಕೊಯ್ದು ಮಾಡಬೇಕಾಗಬಹುದು, ಇಲ್ಲವೇ ಅರ್ಧಕ್ಕೇ ನಿಲ್ಲಿಸಬೇಕಾಗಬಹುದು.

ನಾವು ತಿಂದ ಅನ್ನ, ಸಕ್ಕರೆಯ ಒಂದು ಪಾಲನ್ನು ಲಿವರ್ ಗ್ಲೈಕೋಜನ್ ಅಂತ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಕೂತಿರುತ್ತದೆ. ಅನ್ನ, ಸಕ್ಕರೆ ನಿಲ್ಲಿಸಿದರೆ ದೇಹ ಮೊದಲು ಈ ದಾಸ್ತಾನು ಖಾಲಿ ಮಾಡುತ್ತದೆ, ಆಮೇಲೆ ಕೊಬ್ಬಿಗೆ ಕೈ ಹಾಕುತ್ತದೆ. ಹಾಗಾಗಿ ಲಿವರ್ ಬೇಗ ಸಣ್ಣದಾಗುತ್ತದೆ. ಆಸ್ಟ್ರೇಲಿಯಾದ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 32 ಮಂದಿಗೆ 12 ವಾರ ಇಂಥ ಆಹಾರ ಕೊಟ್ಟು ಸ್ಕ್ಯಾನ್ ಮಾಡಿದ್ದರು. ಲಿವರ್ ಸರಾಸರಿ 18.7% ಸಣ್ಣದಾಗಿತ್ತು. ಅದರಲ್ಲಿ 80% ಇಳಿಕೆ ಆದದ್ದು ಮೊದಲ 2 ವಾರದಲ್ಲೇ. 2 ವಾರ ಅನ್ನುವ ಲೆಕ್ಕಕ್ಕೆ ಇದೂ ಒಂದು ಆಧಾರ.

2011ರಲ್ಲಿ ಯುರೋಪಿನಲ್ಲಿ 298 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದಾಗ, ಡಯಟ್ ಮಾಡಿದವರ ಸರ್ಜರಿ ಸುಲಭ ಆಯಿತು ಅಂತ ಸರ್ಜನ್‌ಗಳು ಹೇಳಿದರು. ಸರ್ಜರಿ ಆಗಿ 30 ದಿನದೊಳಗೆ ಬಂದ ತೊಂದರೆಗಳು ಡಯಟ್ ಮಾಡಿದ ಗುಂಪಿನಲ್ಲಿ 8, ಮಾಡದ ಗುಂಪಿನಲ್ಲಿ 18.

ಹಾಗಂತ ಎಲ್ಲ ಕಡೆ ಒಂದೇ ನಿಯಮ ಇಲ್ಲ. ಕೆಲವು ಸರ್ಜನ್‌ಗಳು 1 ವಾರ ಹೇಳುತ್ತಾರೆ, ತೂಕ ತುಂಬಾ ಜಾಸ್ತಿ ಇದ್ದರೆ 3-4 ವಾರ. ಕೆಲವರು ದಿನಕ್ಕೆ ಒಂದು ಹೊತ್ತು ತರಕಾರಿ, ಮೊಟ್ಟೆ ಬಿಡುತ್ತಾರೆ. ನಿಮ್ಮ ಚೀಟಿಯಲ್ಲಿ ಏನುಂಟೋ ಅದೇ ನಿಮಗೆ. ಪಕ್ಕದ ಮನೆಯವರ ಚೀಟಿ ನೋಡಿ ಮಾಡುವುದಲ್ಲ.

2017ರಲ್ಲಿ ಈಜಿಪ್ಟ್‌ನಿಂದ ಮುಂಬೈಗೆ ವಿಮಾನದಲ್ಲಿ ಕರೆತಂದಿದ್ದ ಇಮಾನ್ ಅಹ್ಮದ್ ಹೆಸರು ಹಲವರಿಗೆ ನೆನಪಿರಬಹುದು. ಫೆಬ್ರವರಿಯಲ್ಲಿ ಬಂದ ಅವರಿಗೆ ಸರ್ಜರಿ ಆದದ್ದು ಮಾರ್ಚ್ 7ಕ್ಕೆ. ಅದಕ್ಕೂ ಮೊದಲು ಅವರನ್ನೂ ದ್ರವಾಹಾರದಲ್ಲೇ ಇಟ್ಟಿದ್ದರು.

ಎಂತ ಕುಡಿಯುವುದು, ಎಂತ ಬಿಡುವುದು

ಸಾಮಾನ್ಯವಾಗಿ ದಿನಕ್ಕೆ 800ರಿಂದ 1000 ಕ್ಯಾಲರಿ, 60ರಿಂದ 80 ಗ್ರಾಂ ಪ್ರೋಟೀನ್, ಅನ್ನ-ಸಕ್ಕರೆಯ ಅಂಶ ತೀರಾ ಕಡಿಮೆ. ಕುಡಿಯುವಂಥದ್ದು ಅನ್ನುವುದಕ್ಕಿಂತ ಈ ಲೆಕ್ಕವೇ ಮುಖ್ಯ. ನಮ್ಮ ಕಡೆಯವರು ತಪ್ಪುವುದು ಇಲ್ಲೇ. ಗಂಜಿ ಎಷ್ಟು ನೀರಾಗಿದ್ದರೂ ಅದು ಅನ್ನವೇ. ರಾಗಿ ಮಣ್ಣಿಯೂ ಅಷ್ಟೇ, ಬೆಲ್ಲ ಬೇರೆ. ಬೊಂಡ ಒಳ್ಳೆಯದೇ, ಆದರೆ ಒಂದು ಬೊಂಡದ ನೀರಿನಲ್ಲಿ ಎರಡು ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ದಿನಕ್ಕೆ ಮೂರು ಕುಡಿದರೆ ಲಿವರ್‌ನ ದಾಸ್ತಾನು ಖಾಲಿ ಆಗುವುದು ಹೇಗೆ? ಕಿಡ್ನಿ ತೊಂದರೆ ಇದ್ದವರಿಗಂತೂ ಅದರಲ್ಲಿರುವ ಪೊಟ್ಯಾಸಿಯಂ ಆಗಿಬರುವುದಿಲ್ಲ. ಕಬ್ಬಿನ ಹಾಲು, ಮಿಲ್ಕ್‌ಶೇಕ್, ಬಾಟಲಿ ಜ್ಯೂಸ್ ಬಗ್ಗೆ ಹೇಳುವುದೇ ಬೇಡ. ತೆಂಗಿನಕಾಯಿ ಹಾಲು ಹಾಕಿದ ಸಾರಿನ ತಿಳಿಯೂ ಲೆಕ್ಕಕ್ಕೆ ಬರುತ್ತದೆ.

ಆಗುವಂಥದ್ದು: ಡಯಟೀಷಿಯನ್ ಹೇಳಿದ ಪ್ರೋಟೀನ್ ಪೌಡರ್ (ನೀರಿನಲ್ಲಿ ಅಥವಾ ಕೆನೆ ತೆಗೆದ ಹಾಲಿನಲ್ಲಿ), ನೀರು ಮಜ್ಜಿಗೆ, ಸೋಸಿದ ತರಕಾರಿ ಸೂಪ್, ಎಣ್ಣೆ-ಕಾಯಿ ಇಲ್ಲದ ಕೋಳಿ ಸೂಪ್, ಸಕ್ಕರೆ ಹಾಕದೆ ಉಪ್ಪು ಹಾಕಿದ ಪುನರ್ಪುಳಿ ಅಥವಾ ಲಿಂಬೆ, ಸಕ್ಕರೆ ಇಲ್ಲದ ಚಾ. ಹುರುಳಿ ಸಾರಿನ ತಿಳಿ ರುಚಿಗೆ ಪರವಾಗಿಲ್ಲ. ಆದರೆ ಅದರಲ್ಲಿ ಪ್ರೋಟೀನ್ ಉಂಟು ಅಂತ ನಂಬಿ ಪೌಡರ್ ಬಿಡುವ ಹಾಗಿಲ್ಲ. ಹುರುಳಿಯ ಪ್ರೋಟೀನ್ ಹೆಚ್ಚಿನದ್ದು ಕಾಳಿನಲ್ಲೇ ಉಳಿದಿರುತ್ತದೆ.

ಹಾಲಿನ ಲೆಕ್ಕ ಕೂಡ ನೋಡಿ. ನಮ್ಮ ರೋಡಲ್ಲೇ ಕುಲಶೇಖರದಲ್ಲಿ ಡೈರಿ ಇರುವಾಗ ಹಾಲಿಗೆ ಬರ ಇಲ್ಲ. ಆದರೆ ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿನಲ್ಲೂ 3% ಕೊಬ್ಬು ಉಂಟು. ಅರ್ಧ ಲೀಟರ್‌ನಲ್ಲಿ ಸಿಗುವ ಪ್ರೋಟೀನ್ ಸುಮಾರು 15-16 ಗ್ರಾಂ. ಹಾಲಿನಿಂದಲೇ 60 ಗ್ರಾಂ ಮುಟ್ಟಬೇಕಾದರೆ ಹತ್ತಿರ ಹತ್ತಿರ 2 ಲೀಟರ್ ಕುಡಿಯಬೇಕು. ಅದಕ್ಕೇ ಪೌಡರ್ ಕೊಡುವುದು. ಪ್ರೋಟೀನ್ ಕಡಿಮೆಯಾದರೆ ದೇಹ ಮಾಂಸಖಂಡ ಕರಗಿಸುತ್ತದೆ, ಆಪರೇಷನ್ ಗಾಯ ಮಾಗುವುದೂ ನಿಧಾನ.

ಇದು ಬಿಟ್ಟು ದಿನಕ್ಕೆ ಸುಮಾರು 2 ಲೀಟರ್ ನೀರು ಕುಡಿಯಬೇಕು. ಹೃದಯ, ಕಿಡ್ನಿ ತೊಂದರೆ ಇರುವವರು ಎಷ್ಟು ಅಂತ ಕೇಳಿಯೇ ಕುಡಿಯಬೇಕು. ಮದ್ಯ ಪೂರ್ತಿ ಬಂದ್. ಬೀಡಿ-ಸಿಗರೇಟ್ ಅಂತೂ ಇದಕ್ಕೂ ವಾರಗಟ್ಟಲೆ ಮೊದಲೇ ಬಿಟ್ಟಿರಬೇಕು.

ಮಾತ್ರೆಯ ವಿಷಯ: ಇದನ್ನು ಎರಡು ಸಲ ಓದಿ

ಹಸಿವು ಎರಡು ವಾರದಲ್ಲಿ ಮುಗಿಯುವ ಕಷ್ಟ. ನಿಜವಾದ ಅಪಾಯ ಇರುವುದು ಮಾತ್ರೆಯಲ್ಲಿ. ಊಟ ಮಾಡುತ್ತಿದ್ದಾಗ ಬರೆದುಕೊಟ್ಟ ಡೋಸ್, ಊಟ ಇಲ್ಲದಾಗ ಹೆಚ್ಚಾಗುತ್ತದೆ.

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಮಾತ್ರೆಯವರು ಡೋಸ್ ಇಳಿಸದೆ ಡಯಟ್ ಶುರು ಮಾಡಿದರೆ ಶುಗರ್ ಕುಸಿಯಬಹುದು. ಚಿಕ್ಕಮ್ಮನಿಗೆ ಆದದ್ದು ಇದೇ. 70ಕ್ಕಿಂತ ಕೆಳಗೆ ಬಂದರೆ ಡಯಟ್ ಅಂತ ನೋಡಬೇಡಿ. 3 ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ, ಆಸ್ಪತ್ರೆಗೆ ಫೋನ್ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ 108ಕ್ಕೆ ಫೋನ್ ಮಾಡಿ.

ಇನ್ನೊಂದು ಜಾತಿಯ ಮಾತ್ರೆ ಇನ್ನೂ ಮೋಸದ್ದು. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಅಂತ ಇರುತ್ತದೆ. ‘ಗ್ಲಿಫ್ಲೋಜಿನ್’ ಅಂತ ಕೊನೆಯಾಗುವುದು ಗುರುತು. ಈಗ ಶುಗರ್‌ಗೂ ಹಾರ್ಟ್‌ಗೂ ತುಂಬಾ ಮಂದಿಗೆ ಇದನ್ನು ಬರೆಯುತ್ತಾರೆ. ಅನ್ನ ಬಿಟ್ಟ ದೇಹದಲ್ಲಿ ಈ ಮಾತ್ರೆ ಇದ್ದರೆ ರಕ್ತದಲ್ಲಿ ಆಮ್ಲ ಏರುವ ಕೀಟೋಆಸಿಡೋಸಿಸ್ ಬರಬಹುದು. ಮೀಟರ್‌ನಲ್ಲಿ ಶುಗರ್ ನಾರ್ಮಲ್ ಹತ್ತಿರವೇ ತೋರಿಸುತ್ತಿರುತ್ತದೆ, ಒಳಗೆ ಪರಿಸ್ಥಿತಿ ಕೈಮೀರುತ್ತಿರುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಇದರ ಲಕ್ಷಣ. “ಡಯಟ್ ಮಾಡಿದ್ದಕ್ಕೆ ಸುಸ್ತು” ಅಂತ ಮನೆಯಲ್ಲೇ ಮಲಗಿದರೆ ಜೀವಕ್ಕೇ ಅಪಾಯ. ಈ ಮೂರು ಮಾತ್ರೆಗಳನ್ನು ಯಾವುದೇ ಸರ್ಜರಿಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲೇ ಹೇಳಿದೆ. ಲಿಕ್ವಿಡ್ ಡಯಟ್ ಇದ್ದರೆ ಡಯಟ್ ಶುರುವಾಗುವಾಗಲೇ ನಿಲ್ಲಿಸಲು ಹೇಳುವ ಡಾಕ್ಟರ್‌ಗಳು ಉಂಟು. ನೀವಾಗಿ ನಿಲ್ಲಿಸಬೇಡಿ, ಕೇಳಿ.

ಬಿಪಿ ಮಾತ್ರೆ, ಮುಖ್ಯವಾಗಿ ಮೂತ್ರ ಹೋಗಿಸುವ ಮಾತ್ರೆ ಇದ್ದರೆ ಎದ್ದು ನಿಂತಾಗ ತಲೆ ತಿರುಗಿ ಬೀಳುವ ಸಾಧ್ಯತೆ ಉಂಟು. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತೆಗೆದುಕೊಳ್ಳುವವರು ಅರಿವಳಿಕೆ ಡಾಕ್ಟರ್‌ಗೆ ಮರೆಯದೆ ಹೇಳಬೇಕು. ಅದರಿಂದ ಹೊಟ್ಟೆ ಖಾಲಿ ಆಗುವುದು ನಿಧಾನ.

ಸುಲಭ ದಾರಿ ಅಂದರೆ ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸರ್ಜನ್ ಮೇಜಿನ ಮೇಲೆ ಇಡುವುದು. ನಾವು ಎರಡನೇ ಸಲ ಹಾಗೇ ಮಾಡಿದ್ದು.

ಮೊದಲ ನಾಲ್ಕು ದಿನ

ತಲೆನೋವು, ಸಿಟ್ಟು, ಚಳಿ, ಬಾಯಿ ವಾಸನೆ, ಮಲಬದ್ಧತೆ ಮಾಮೂಲಿ. ಹೆಚ್ಚಿನವರಿಗೆ ಮೂರು-ನಾಲ್ಕು ದಿನ ಕಳೆದ ಮೇಲೆ ಹಸಿವು ತಗ್ಗುತ್ತದೆ. ಅದಕ್ಕಿಂತ ದೊಡ್ಡ ಕಷ್ಟ ಜನರದ್ದು. ನಮ್ಮ ಊರಿನಲ್ಲಿ ಯಾರದ್ದಾದರೂ ಮನೆಗೆ ಹೋಗಿ ಉಣ್ಣದೆ ಬಂದರೆ ಅದು ಬೇಜಾರಿನ ವಿಷಯ. “ಎಂತ ಮಾರಾಯ್ತಿ, ಒಂದು ತುತ್ತು ತಿಂದ್ರೆ ಎಂತ ಆಗ್ತದೆ?” ಅಂತ ಮದುವೆ ಮನೆಯಲ್ಲಿ ಎಲೆ ಹಾಕಿಯೇ ಬಿಡುತ್ತಾರೆ. ಸರ್ಜರಿ ವಿಷಯ ಹೇಳಿದರೆ “ಊಟ ಕಡಿಮೆ ಮಾಡಿದ್ರೆ ಸಾಕಿತ್ತಲ್ಲ” ಅನ್ನುವ ಉಪದೇಶ ಬೇರೆ. ಚಿಕ್ಕಮ್ಮ ಎರಡನೇ ಸಲ “ಹೊಟ್ಟೆ ಸರಿ ಇಲ್ಲ, ಡಾಕ್ಟರ್ ಬೇಡ ಹೇಳಿದ್ದಾರೆ” ಅಂತ ಅಷ್ಟೇ ಹೇಳಿದರು. ಸುಳ್ಳೂ ಅಲ್ಲ. ಆಗುವುದಾದರೆ ಹಬ್ಬ, ಕೋಲ, ಮದುವೆ ಇಲ್ಲದ ತಿಂಗಳು ನೋಡಿ ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಮಧ್ಯೆ ಒಂದು ದಿನ ತಪ್ಪಿ ಊಟ ಮಾಡಿದರೆ ಮುಚ್ಚಿಡಬೇಡಿ, ಫೋನ್ ಮಾಡಿ ಹೇಳಿ. ಮರುದಿನದಿಂದ ಮುಂದುವರಿಸಿ ಅನ್ನಬಹುದು. ಆದರೆ ಆಪರೇಷನ್ ದಿನ ಬೆಳಿಗ್ಗೆ ಏನಾದರೂ ತಿಂದು ಸುಳ್ಳು ಹೇಳಿದರೆ, ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದು. ಕೊನೆಯ ದಿನ ಎಷ್ಟು ಗಂಟೆಯ ತನಕ ನೀರು ಕುಡಿಯಬಹುದು ಅಂತ ಬರೆಸಿಕೊಂಡೇ ಬನ್ನಿ.

ಯಾರಿಗೆ ಈ ಸರ್ಜರಿ, ಇನ್ಶೂರೆನ್ಸ್ ಉಂಟಾ?

ಇದು ಚಂದಕ್ಕೆ ಮಾಡಿಸುವ ಸರ್ಜರಿ ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡ ಸುದ್ದಿ ನೋಡಿ ಸುಮಾರು ಮಂದಿ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಅವರು ಒಳಗಾಗಿದ್ದು ಕೊಬ್ಬು ತೆಗೆಯುವ ಕಾಸ್ಮೆಟಿಕ್ ಸರ್ಜರಿಗೆ. ಬೇರಿಯಾಟ್ರಿಕ್‌ನಲ್ಲಿ ಹೊಟ್ಟೆಯ ಚೀಲವನ್ನೇ ಸಣ್ಣದು ಮಾಡುತ್ತಾರೆ. ಸ್ಲೀವ್ ಅನ್ನುವ ವಿಧಾನದಲ್ಲಿ ಚೀಲದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ.

ಇನ್ಶೂರೆನ್ಸ್ ವಿಷಯದಲ್ಲಿ ಐಆರ್‌ಡಿಎಐ ನಿಯಮ ಹೀಗಿದೆ: 18 ವರ್ಷ ಆಗಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬಿಎಂಐ 40 ಅಥವಾ ಹೆಚ್ಚು ಇರಬೇಕು. ಬಿಎಂಐ 35 ಆದರೆ ಜೊತೆಗೆ ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇದ್ದು, ಬೇರೆ ಚಿಕಿತ್ಸೆ ಫಲ ಕೊಟ್ಟಿರಬಾರದು. ಬಿಎಂಐ ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸುವುದು. ಚಿಕ್ಕಮ್ಮ 1.6 ಮೀಟರ್, ಬಿಎಂಐ 46. ವೈದ್ಯಕೀಯವಾಗಿ ಇದಕ್ಕಿಂತ ಕಡಿಮೆ ಬಿಎಂಐಗೂ ಸರ್ಜರಿ ಹೇಳುವುದುಂಟು, ಆಗ ಕ್ಲೇಮ್ ಸಿಗುವುದು ಕಷ್ಟ. ಪಾಲಿಸಿಯ ವೇಟಿಂಗ್ ಪೀರಿಯಡ್ ಕೂಡ ಮೊದಲೇ ನೋಡಿ.

ಆಪರೇಷನ್ ಆದ ಮೇಲೂ ಮೊದಲು ಲಿಕ್ವಿಡ್, ಆಮೇಲೆ ನುಣ್ಣಗೆ ಅರೆದದ್ದು, ಮತ್ತೆ ಮೆತ್ತಗಿನ ಆಹಾರ ಅಂತ ವಾರಗಟ್ಟಲೆ ಹೋಗುತ್ತದೆ. ಚಿಕ್ಕಮ್ಮನಿಗೆ ಎರಡನೇ ಸಲ ಡಯಟ್ ಸರಿಯಾಗಿ 14 ದಿನ ನಡೆಯಿತು, ಸರ್ಜರಿಯೂ ಆಯಿತು. ಆ ಇಂಗ್ಲಿಷ್ ಚೀಟಿಯನ್ನು ನಾನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಈಗಲೂ ಅಲ್ಲೇ ಉಂಟು.